ಒಲಂದರ ಕಪ್ಪಲಿನ ಕೊನೆಯ ನುಡಿ

2025, ಜನವರಿ 12, ಭಾನುವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಿ ಎಂದು ಬಾದುಶಾ ಹೇಳಿದ್ದಾನೆ. ಬಾದುಶಾ ನಮ್ಮ ಕಂಪನಿಯ ಮಂದೂಬ್. ವೀಸಾ, ಪೊಲೀಸು, ಸರ್ಕಾರಿ ಕಚೇರಿಯ ಓಡಾಟವೆಲ್ಲ ಅವನದೇ. ನಾಳೆ ಯಾರು ಕೇಳಿದರೂ ನನ್ನ ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆಗಬಾರದಂತೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಯಾರೂ ಓದಲಾರರು. ನನ್ನ ಹೆಂಡತಿ ಪ್ರೇರಣಾ ಓದಬಲ್ಲಳು, ಆದರೆ ನನ್ನ ಅಕ್ಷರ ಅವಳಿಗೂ ಅರ್ಥವಾಗುವುದಿಲ್ಲ.

ಒಂಬತ್ತನೇ ತಾರೀಕು, ಗುರುವಾರ, ಸಂಜೆ ಐದು ಗಂಟೆ. ಮಸ್ಕತ್ತಿನ ಅಲ್ ಮವಾಲೇಹ್‌ನ ಆಫೀಸಿನಿಂದ ಅಲ್ ಹೈಲ್‌ನ ಮನೆಗೆ ಹೊರಟಿದ್ದೆ. ಮೊದಲು ತರಕಾರಿ ಮಾರುಕಟ್ಟೆ ಇದ್ದ ಕಡೆಯ ರಸ್ತೆ. ಒಬ್ಬ ಮುದುಕ ಏಕಾಏಕಿ ರಸ್ತೆಗೆ ಇಳಿದ. ಬ್ರೇಕ್ ಹಾಕಿದೆ. ವೇಗ ಮಿತಿಯೊಳಗೇ ಇತ್ತು. ಫೋನು ಜೇಬಿನಲ್ಲಿತ್ತು. ಮುದುಕನಿಗೆ ಸೊಂಟದ ಮೂಳೆ ಮುರಿದಿದೆ, ಎಡಗಾಲಿನದೂ. ಕೈಯಲ್ಲಿದ್ದ ಚೀಲ ಹರಿದು ನಿಂಬೆಹಣ್ಣು ರಸ್ತೆ ತುಂಬ ಉರುಳಿದವು. ಹೆಸರು ಖಮೀಸ್ ಬಿನ್ ಜುಮಾ, ವಯಸ್ಸು ಎಪ್ಪತ್ತೆಂಟು, ಸೀಬ್‌ನವನು.

ಪೊಲೀಸರಿಗೂ ಇದನ್ನೇ ಹೇಳಿದ್ದೇನೆ. ಅಲ್ಲಿ ದಾಟಲು ಪಟ್ಟೆ ಇಲ್ಲ. ನನ್ನ ತಪ್ಪಿಲ್ಲ.

ಜನವರಿ 15, ಬುಧವಾರ

ನಿಷೇಧದ ಮೊದಲ ದಿನ. ಠಾಣೆಯ ಹುಡುಗಿ ಕಂಪ್ಯೂಟರಿನಲ್ಲಿ ನನ್ನ ರೆಸಿಡೆಂಟ್ ಕಾರ್ಡಿನ ನಂಬರು ಒತ್ತಿ, ಕೇಸು ಮುಗಿಯುವವರೆಗೆ ದೇಶ ಬಿಡುವಂತಿಲ್ಲ ಎಂದಳು. ಬಹಳ ಮರ್ಯಾದೆಯಿಂದ ಹೇಳಿದಳು. ಹದಿನೆಂಟಕ್ಕೆ ಮಂಗಳೂರಿನ ವಿಮಾನವಿತ್ತು. ಬಾದುಶಾ ಹೊರಗೆ ಬಂದ ಮೇಲೆ, "ಎರಡು ತಿಂಗಳು, ಆರು ತಿಂಗಳು, ಹೇಳಲಿಕ್ಕಾಗುದಿಲ್ಲ ಸಾರ್. ಆ ಮುದುಕ ತನಾಝುಲ್‌ಗೆ ಸಹಿ ಹಾಕಿದರೆ ಬೇಗ ಖಲಾಸ್" ಎಂದ. ತನಾಝುಲ್ ಎಂದರೆ ನನ್ನ ದೂರು ಏನೂ ಇಲ್ಲ, ಬಿಟ್ಟುಕೊಟ್ಟಿದ್ದೇನೆ ಎನ್ನುವ ಕಾಗದ.

ಊರಿಗೆ, ಹೆಜಮಾಡಿಗೆ, ಫೋನು ಮಾಡಿ ತಂಗಿ ತೃಪ್ತಿಗೆ ತಿಳಿಸಿದೆ. ಅಮ್ಮನ ತಲೆಯೊಳಗೆ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆಯಂತೆ. ಇವತ್ತು ಗುರುತು ಹಿಡಿದವರು ನಾಳೆ ಹಿಡಿಯುತ್ತಾರೆಂದು ಹೇಳಲಾಗದು ಎಂದಿದ್ದಾರೆ ಡಾಕ್ಟರು. "ಅಣ್ಣ, ನೀನು ಬರ್ತಿ ಅಂತ ದಿನಾ ಹೇಳ್ತಾ ಇದ್ದೇನೆ. ಇನ್ನು ಎಂತ ಹೇಳುದು?" ಎಂದಳು.

ಜನವರಿ 19, ಭಾನುವಾರ

ಐದನೆಯ ದಿನ. ನಿನ್ನೆ ನಾನು ಹೋಗಬೇಕಿದ್ದ ವಿಮಾನ ಹೋಯಿತು. ನಮ್ಮ ಬಾಲ್ಕನಿಯಿಂದ ವಿಮಾನಗಳು ಕಾಣುತ್ತವೆ. ಎಂಟು ವರ್ಷದಿಂದ ಈ ಮನೆಯಲ್ಲಿದ್ದೇನೆ, ಇಷ್ಟು ವಿಮಾನ ಹಾರುತ್ತವೆ ಎಂದು ಗೊತ್ತಿರಲಿಲ್ಲ.

ತೃಪ್ತಿ ಅಮ್ಮನ ಹಾಡನ್ನು ತುಂಡು ತುಂಡಾಗಿ ಫೋನಿನಲ್ಲಿ ಹಿಡಿದಿಡುತ್ತಿದ್ದಾಳೆ. ನಮ್ಮ ಮನೆಯದೇ ಒಂದು ಹಾಡಿದೆ, 'ಒಲಂದೆರೆ ಕಪ್ಪಲ್', ಡಚ್ಚರ ಹಡಗು. ಗದ್ದೆಯಲ್ಲಿ ಹೇಳುವ ಪಾಡ್ದನದ ಧಾಟಿ, ಆದರೆ ನಮ್ಮ ಮನೆಯ ಹೆಂಗಸರು ಬಿಟ್ಟರೆ ಯಾರೂ ಹೇಳುವುದಿಲ್ಲ. ಈಗ ಅಮ್ಮನೊಬ್ಬಳಿಗೇ ಪೂರ್ತಿ ಬರುತ್ತದೆ. ಕಥೆ ನನಗೂ ಗೊತ್ತು. ಅಕ್ಕಿಗಾಗಿ ಒಲಂದರ ಹಡಗು ನಮ್ಮ ಅಳಿವೆಯ ಹೊರಗೆ ನಿಂತಿತು. ಅಳಿವೆಯ ಮರಳು ದಾಟಿ ಅದು ಒಳಗೆ ಬರುವ ಹಾಗಿರಲಿಲ್ಲ. ನಮ್ಮ ಹಿರಿಯ, ದೋಣಿ ನಡೆಸುವ ತಂಡೇಲ ದೂಮ, ತನ್ನ ದೋಣಿಯಲ್ಲಿ ಅಕ್ಕಿ ಸಾಗಿಸಿದ. ಕೊನೆಯ ದಿನ ಹಡಗಿನವರು ಊರಿನ ಏಳು ಜನರನ್ನು ಹಿಡಿದು ಒಳಗೆ ಹಾಕಿ ಹಾಯಿ ಎತ್ತಿದರು. ದೂಮ ನೀರಿಗೆ ಹಾರಿದ. ತೋಳು ಸೋಲುವವರೆಗೆ ಹಡಗಿನ ಹಿಂದೆ ಈಜಿದ. ಮರಳಿ ದಡಕ್ಕೆ ಬಂದು ಏಳು ದಿನ ಅನ್ನ ಮುಟ್ಟಲಿಲ್ಲ.

ಸಣ್ಣವನಿದ್ದಾಗ ಶಾಲೆಯಲ್ಲಿ ಈ ಕಥೆ ಹೇಳಿ ಬಹುಮಾನ ಪಡೆದಿದ್ದೆ.

ಜನವರಿ 24, ಶುಕ್ರವಾರ

ಹತ್ತನೆಯ ದಿನ. ಬಾದುಶಾನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಹಣ್ಣು, ಖರ್ಜೂರ ಒಯ್ದಿದ್ದೆವು. ಕಾಗದದ ಮಾತು ಮೊದಲ ದಿನವೇ ತೆಗೆಯಬೇಡಿ ಎಂದಿದ್ದ.

ಮುದುಕ ಮೈಯಲ್ಲಿ ಸಣ್ಣ, ಕೈ ಮಾತ್ರ ದೊಡ್ಡದು, ಬಲೆ ಎಳೆದ ಕೈ. ಮಗಳು ಝೊಹರಾ ಪಕ್ಕದಲ್ಲಿದ್ದಳು, ಶಾಲೆಯಲ್ಲಿ ಟೀಚರು. ನನ್ನನ್ನು ನೋಡಿ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ನಾನು ಇಂಗ್ಲಿಷಿನಲ್ಲಿ, ನಿಮ್ಮ ತಂದೆ ಒಮ್ಮೆಲೇ ರಸ್ತೆಗೆ ಬಂದುಬಿಟ್ಟರು ಎಂದು ಶುರು ಮಾಡಿದೆ. ಅವಳು ತಿರುಗಲೇ ಇಲ್ಲ.

ಮುದುಕನಿಗೆ ಹಿಂದಿ ಬರುತ್ತದೆ, ಹಳೆಯ ಬೊಂಬಾಯಿ ಬಂದರಿನ ಹಿಂದಿ. ಯಾವ ಊರು ಎಂದು ಕೇಳಿದ. ಮಂಗಳೂರಿನ ಕಡೆ ಎಂದೆ. "ಮಂಜಲೂರ್," ಎಂದು ತಿದ್ದಿದ. ಹದಿನೇಳನೇ ವಯಸ್ಸಿನಲ್ಲಿ ಹಾಯಿಹಡಗಿನಲ್ಲಿ ಎರಡು ಸಲ ಬಂದಿದ್ದನಂತೆ, ಹಂಚು ಮತ್ತು ಮರ ಒಯ್ಯಲು. ಅಲ್ಲಿಯ ಹೆಂಗಸರು ತಲೆಯ ಮೇಲೆ ಹಂಚು ಹೊತ್ತು ಹಲಗೆಯ ಮೇಲೆ ನಡೆಯುವುದನ್ನು ಕೈಸನ್ನೆಯಲ್ಲಿ ತೋರಿಸಲು ಹೋಗಿ ನೋವಿನಿಂದ ಕಣ್ಣು ಮುಚ್ಚಿದ.

ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಮನೆಗೆ ಬಾ ಎಂದಿದ್ದಾನೆ. ಒಳ್ಳೆಯ ಲಕ್ಷಣ ಎನ್ನುತ್ತಾನೆ ಬಾದುಶಾ.

ಫೆಬ್ರವರಿ 2, ಭಾನುವಾರ

ಹತ್ತೊಂಬತ್ತನೆಯ ದಿನ. ಅಮ್ಮ ಇವತ್ತು ವಿಡಿಯೋದಲ್ಲಿ ನನ್ನನ್ನು ನೋಡಿ, ಇವರು ಯಾವ ಬ್ಯಾಂಕಿನವರು ಎಂದು ತೃಪ್ತಿಯನ್ನು ಕೇಳಿದಳು.

ಫೆಬ್ರವರಿ 7, ಶುಕ್ರವಾರ

ಸೀಬ್‌ಗೆ ಒಬ್ಬನೇ ಹೋಗಿದ್ದೆ. ಕಾರು ಮುಟ್ಟಲು ಮನಸ್ಸಾಗದೆ ಟ್ಯಾಕ್ಸಿಯಲ್ಲಿ. ಖಮೀಸ್‌ನ ಮನೆ ಕಡಲಿಗೆ ಎರಡು ಬೀದಿ ಹಿಂದೆ. ಕಿಟಕಿಯ ಪಕ್ಕ ಮಂಚ ಹಾಕಿದ್ದಾರೆ. ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ ಮತ್ತು ನೀರಿನ ಟ್ಯಾಂಕು. ಎಪ್ಪತ್ತು ವರ್ಷ ಕಡಲು ನೋಡಿದವನಿಗೆ ಈಗ ಗೋಡೆ ನೋಡುವ ಕೆಲಸ ಎಂದ. ದೂರಿನ ದನಿಯಿರಲಿಲ್ಲ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ನಿಮ್ಮ ಮನೆಯವರ ಕೆಲಸವೇನು ಎಂದು ಕೇಳಿದ. ಅಪ್ಪನ ಕಾಲದವರೆಗೂ ಮೀನು, ದೋಣಿ ಎಂದೆ. ಆಗ ಅವನು ಎದ್ದು ಕೂರಲು ನೋಡಿದ. ಝೊಹರಾ ದಿಂಬು ಇಟ್ಟಳು. ಅವನು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

ಅವನ ಹಿರಿಯರು ಮಸ್ಕತ್ತಿನ ಬಂದರಿನಲ್ಲಿ ಹಡಗುಗಳಿಗೆ ನೀರು ಒಯ್ಯುವವರು. ಚರ್ಮದ ಚೀಲಗಳಲ್ಲಿ ತುಂಬಿ, ಸಣ್ಣ ದೋಣಿಯಲ್ಲಿ. ಒಂದು ಸಲ ವಲಂದೀಸರ ಹಡಗು ಬಂತು. (ವಲಂದೀಸ್ ಎಂದರೆ ನಮ್ಮ ಹಾಡಿನ ಒಲಂದರೇ, ನನ್ನ ಕಿವಿ ನಿಮಿರಿತು.) ಮೇಲಿದ್ದ ನಾವಿಕರು ನೀರು ತೆಗೆದುಕೊಂಡರು. ಹಡಗಿನ ಹೊಟ್ಟೆಯೊಳಗಿಂದ ಮನುಷ್ಯರ ಕೂಗು ಕೇಳುತ್ತಿತ್ತು. ಹತ್ತಾರು ಸಲ ಒಂದೇ ಮಾತು. ಅದೇನೆಂದು ಹಿರಿಯ ಕೇಳಿದ, ನಾವಿಕರು ಹೇಳಲಿಲ್ಲ. ಆ ಕೂಗನ್ನು ಅವನು ಮನೆಗೆ ತಂದ. ಮರೆಯಬಾರದೆಂದು ಬಲೆ ಎಳೆಯುವಾಗ ಹೇಳುತ್ತ ಬಂದರು, ಮಗ, ಮೊಮ್ಮಗ, ಅವನ ಮಗ. ಅರ್ಥ ಗೊತ್ತಿಲ್ಲ. ಬಲೂಚಿಗಳನ್ನು ಕೇಳಿದರು, ಜಂಜಿಬಾರಿನಿಂದ ಬಂದವರನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಬಲೆ ಎಳೆಯುವವನಂತೆ ಎರಡು ಕೈ ಮುಂದೆ ಚಾಚಿ ಹೇಳಿದ: "ನೀರ್ ಕೊರ್‌ಲೇ, ನೀರ್ ಕೊರ್‌ಲೇ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅದು ನನ್ನ ತಾಯಿಮಾತು ಎಂದೆ. ತುಳು. ನೀರು ಕೊಡಿ ಎಂದು ಅರ್ಥ.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕೊನೆಗೆ, "ನೀರಿನ ದೋಣಿಯವನನ್ನೇ ಕೇಳಿದ್ದಾರೆ. ನಾವು ಅದನ್ನು ಹಾಡು ಮಾಡಿಕೊಂಡು ಮೀನು ಹಿಡಿದೆವು," ಎಂದ.

ಮನೆಗೆ ಬಂದು ಪ್ರೇರಣಾಗೆ ಹೇಳಿದೆ. ಅವಳು ಮೈಸೂರಿನವಳು, ಇಂಡಿಯನ್ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಸುಲಭಕ್ಕೆ ನಂಬುವವಳಲ್ಲ. ಮುನ್ನೂರೈವತ್ತು ವರ್ಷದಲ್ಲಿ ಸದ್ದು ಎಷ್ಟು ಸವೆದಿರುತ್ತೋ, ಯಾವ ಭಾಷೆಯದೋ, ಕೇಳುವವನಿಗೆ ಬೇಕಾದ್ದು ಕೇಳುತ್ತೆ ಎಂದಳು. ಇರಬಹುದು. ನನಗೂ ಖಚಿತವಿಲ್ಲ. ಆದರೆ ಅವನು ಹೇಳಿದ ರಾಗ ನನ್ನ ಕಿವಿಯಿಂದ ಹೋಗುತ್ತಿಲ್ಲ.

ಫೆಬ್ರವರಿ 14, ಶುಕ್ರವಾರ

ಇವತ್ತು ಖಮೀಸ್, ಆ ಜನರನ್ನು ಹಡಗಿಗೆ ಹಾಕಿದವರು ಯಾರು, ನಿಮ್ಮ ಕಡೆ ಏನಾದರೂ ಹೇಳುತ್ತಾರಾ ಎಂದು ಕೇಳಿದ. ನಾನು ದೂಮನ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ನೀರಿಗೆ ಹಾರಿದ್ದು, ತೋಳು ಸೋತದ್ದು, ಏಳು ದಿನದ ಉಪವಾಸ. ಝೊಹರಾ ಕೂಡ ಬಾಗಿಲಲ್ಲಿ ನಿಂತು ಕೇಳಿದಳು.

ಖಮೀಸ್ ನನ್ನ ಕೈ ಹಿಡಿದುಕೊಂಡ. "ನನ್ನ ಹಿರಿಯ ನೀರು ಮಾರಿ ವಾಪಸು ಬಂದ. ನಿನ್ನ ಹಿರಿಯ ಹಿಂದೆ ಈಜಿದ. ಅಂಥವನ ಮನೆಯವನು ನೀನು. ಆ ಕಾಗದ ತೆಗೆದುಕೊಂಡು ಬಾ, ಮುಂದಿನ ಶುಕ್ರವಾರ ಸಹಿ ಹಾಕುತ್ತೇನೆ," ಎಂದ.

ಕಾಗದದ ಮಾತು ನಾನು ಎತ್ತಿಯೇ ಇರಲಿಲ್ಲ. ಬಾದುಶಾನಿಗೆ ಫೋನು ಮಾಡಿದೆ, ತೃಪ್ತಿಗೂ. ತೃಪ್ತಿ ಅತ್ತಳು. ಪ್ರೇರಣಾ ಪಾಯಸ ಮಾಡಿದಳು.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಹೆಜಮಾಡಿಗೆ ಫೋನು ಮಾಡಿದೆ. ತೃಪ್ತಿ ಫೋನನ್ನು ಅಮ್ಮನ ಕಿವಿಗಿಟ್ಟು ಒಳಗೆ ಹೋದಳು. ನಾನು ಮಾತಾಡುವ ಮೊದಲೇ ಅಮ್ಮ ಪಿಸುದನಿಯಲ್ಲಿ, "ಅಕ್ಕಾ, ಬಾಗಿಲು ಹಾಕಿದ್ದೀಯಾ?" ಎಂದು ಕೇಳಿದಳು. ಅವಳ ಅಕ್ಕ, ನನ್ನ ದೊಡ್ಡಮ್ಮ, ಸತ್ತು ಇಪ್ಪತ್ತು ವರ್ಷವಾಯಿತು. ನಾನು ಸುಮ್ಮನಿದ್ದೆ. ಹೌದು ಎಂದುಕೊಂಡಳೋ ಏನೋ, ಹಾಡಲು ಶುರು ಮಾಡಿದಳು.

ಒಲಂದೆರೆ ಕಪ್ಪಲ್. ಆದರೆ ನಾನು ಕೇಳಿಯೇ ಇರದ ನುಡಿ.

ಕೊನೆಯ ದಿನ ದೂಮ ಗುಡ್ಡದ ಬದಿಯ ಕೊರಗರ ಕೊಪ್ಪಕ್ಕೆ, ಅವರ ಗುಡಿಸಲುಗಳ ಕೇರಿಗೆ, ಹೋಗುತ್ತಾನೆ. ಬುಟ್ಟಿ ಹೆಣೆಯುತ್ತಿದ್ದವರನ್ನು ಕರೆಯುತ್ತಾನೆ. ಹಡಗಿಗೆ ಅಕ್ಕಿ ಹೊರಬೇಕು, ತಲೆಗೊಂದು ಸೇರು ಅಕ್ಕಿ ಸಿಗುತ್ತದೆ, ಬನ್ನಿ ಎನ್ನುತ್ತಾನೆ. ಏಳು ಮಂದಿ ಬರುತ್ತಾರೆ. ತಾನೇ ಹುಟ್ಟು ಹಾಕಿ ಅವರನ್ನು ಹಡಗಿಗೆ ಹತ್ತಿಸುತ್ತಾನೆ. 'ಪೋನಗ ಓಡ ದಿಂಜ, ಬನ್ನಗ ಓಡ ಖಾಲಿ.' ಹೋಗುವಾಗ ದೋಣಿ ತುಂಬ, ಬರುವಾಗ ದೋಣಿ ಖಾಲಿ. ಖಾಲಿ ಅಲ್ಲ, ಒಂದು ತಾಮ್ರದ ಹಂಡೆ ಇತ್ತು ಎಂದು ಮುಂದಿನ ಸಾಲು ಹೇಳುತ್ತದೆ. ಈಜಿದ ಮಾತೇ ಇಲ್ಲ.

ಹಾಡು ಮುಗಿಸಿ ಅಮ್ಮ ಹೇಳಿದಳು: "ಗಂಡುಮಕ್ಕಳಿಗೆ ಇದು ಬೇಡ ಅಂತ ಅಜ್ಜಿ ಹೇಳಿದ್ದಾರೆ ಅಕ್ಕಾ. ಅವರು ಊರಲ್ಲಿ ತಲೆ ಎತ್ತಿ ನಡೀಬೇಕಲ್ಲ."

ನಮ್ಮ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇತ್ತು. ನಾವೆಲ್ಲ ಅದರ ನೀರಲ್ಲೇ ಮಿಂದು ಬೆಳೆದವರು. ಇದೇ ಅದು ಎಂದು ನಾನು ಹೇಳುತ್ತಿಲ್ಲ.

ಫೆಬ್ರವರಿ 18, ಮಂಗಳವಾರ

ಆಫೀಸು. ಮನೆ. ಏಸಿ ರಿಪೇರಿಯವನು ಇವತ್ತೂ ಬರಲಿಲ್ಲ.

ಫೆಬ್ರವರಿ 20, ಗುರುವಾರ

ಮೊದಲ ಪುಟ ಓದಿದೆ. ಬಾದುಶಾ ಹೇಳಿದನೆಂದು ಬರೆದದ್ದು. ತಿದ್ದುತ್ತೇನೆ.

ಫೋನು ಜೇಬಿನಲ್ಲಿರಲಿಲ್ಲ. ಕೈಯಲ್ಲಿತ್ತು. ತೃಪ್ತಿ ಆಗಷ್ಟೇ ಅಮ್ಮ ಹಾಡುವ ವಿಡಿಯೋ ಕಳಿಸಿದ್ದಳು. ಅಮ್ಮ ಯಾವ ಸೀರೆ ಉಟ್ಟಿದ್ದಾಳೆ ಎಂದು ನೋಡುತ್ತಿದ್ದೆ. ಹಸಿರು ಸೀರೆ. ಖಮೀಸ್ ರಸ್ತೆಗೆ ಏಕಾಏಕಿ ಇಳಿದರೋ ನಿಧಾನವಾಗಿ ಇಳಿದರೋ ನನಗೆ ಗೊತ್ತಿಲ್ಲ. ನಾನು ತಲೆ ಎತ್ತಿದಾಗ ಅವರು ಆಗಲೇ ಕಾರಿನ ಮುಂದೆ ಇದ್ದರು. ಬ್ರೇಕ್ ಹಾಕಿದ್ದು ಆಮೇಲೆ.

ಸಂಜೆ ಇದನ್ನು ಪ್ರೇರಣಾಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ನಾಳೆ ಸಹಿ ಇದೆ, ಇವತ್ತು ಯಾಕೆ ಹೇಳುತ್ತಿದ್ದೀಯ ಎಂದಳು. ಖಮೀಸರಿಗೆ ಹೇಳಬೇಕು ಅನಿಸುತ್ತಿದೆ ಎಂದೆ. ದೂಮನ ವಿಷಯವನ್ನೂ.

"ನೋಡು ವಿಕಾಸ್, ಯಾವನೋ ಅಜ್ಜನ ಅಜ್ಜ ಮಾಡಿದ್ದಕ್ಕೆ ನೀನ್ಯಾಕೆ ಹೊಣೆ? ಅದನ್ನ ಬಿಡು. ಫೋನ್ ವಿಷಯ ಹೇಳಿದ್ರೆ ಸಹಿ ಹೋಯ್ತು, ಜೈಲೂ ಆಗಬಹುದು. ನಿನ್ನ ವೀಸಾ ಹೋದ್ರೆ ನಾವೆಲ್ಲ ಏನಾಗ್ತೀವಿ? ನಿಮ್ಮಮ್ಮನ್ನ ನೋಡೋಕೆ ಹೋಗೋದು ಬೇಡ್ವಾ ನಿನಗೆ?"

ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಬೇಕು ಎಂದೆ. ಬೇಕಾದರೆ ಬಾಯಿ ಮುಚ್ಚಿಕೊಂಡು ಹೋಗು ಎಂದು ಕೋಣೆಗೆ ಹೋದಳು. ಅರ್ಧ ಹೆಚ್ಚಿದ ಬೀನ್ಸು ಹಾಗೇ ಇತ್ತು. ಉಳಿದದ್ದನ್ನು ನಾನು ಹೆಚ್ಚಿದೆ.

ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ. ಸುಮ್ಮನಿದ್ದರೆ ಹತ್ತು ದಿನದಲ್ಲಿ ಹೆಜಮಾಡಿ.

ಫೆಬ್ರವರಿ 21, ಶುಕ್ರವಾರ

ಹೇಳಿದೆ.

ಬಾದುಶಾ ಕಾಗದ, ಪೆನ್ನು ಎರಡನ್ನೂ ಸಿದ್ಧ ಇಟ್ಟುಕೊಂಡು ಬಂದಿದ್ದ. ಖಮೀಸ್ ಬಿಳಿ ಹೊಸ ನಿಲುವಂಗಿ, ದಿಶ್‌ದಾಶ, ತೊಟ್ಟಿದ್ದರು, ತಲೆಗೆ ಕಸೂತಿಯ ಕುಮ್ಮ ಟೋಪಿ. ಸಹಿಯ ದಿನವೆಂದು. ಝೊಹರಾ ಕಹ್ವಾ ಕಾಫಿ ತಂದಿಟ್ಟಳು. ಮೊದಲ ಬಾರಿ ನನ್ನನ್ನು ಕೂತುಕೊಳ್ಳಿ ಎಂದಳು.

ನಾನು ಮೊದಲು ದೂಮನದನ್ನು ಹೇಳಿದೆ. ಅದು ಸುಲಭ ಎಂದುಕೊಂಡಿದ್ದೆ, ಸುಲಭವಿರಲಿಲ್ಲ. ಈಜಿದ್ದು ಸುಳ್ಳು, ಕರೆದುಕೊಂಡು ಹೋಗಿ ಹತ್ತಿಸಿದವನೇ ಅವನು ಎಂದೆ. ಬಡವರನ್ನು, ಹೊಟ್ಟೆಗಿಲ್ಲದವರನ್ನು, ಒಂದು ಸೇರು ಅಕ್ಕಿಯ ಆಸೆ ತೋರಿಸಿ. ಖಮೀಸ್ ಕಣ್ಣು ಮಿಟುಕಿಸದೆ ಕೇಳಿದರು. ಆಮೇಲೆ ಫೋನಿನದನ್ನು ಹೇಳಿದೆ. ಬಾದುಶಾ ನಡುವೆ ನನ್ನ ತೋಳು ಹಿಡಿದು, ಸಾರ್, ಸಾರ್ ಎನ್ನುತ್ತಿದ್ದ.

ಝೊಹರಾಗೆ ಹಿಂದಿ ಅರ್ಧಂಬರ್ಧ. ತಂದೆಯನ್ನು ಕೇಳಿದಳು. ಅವರು ಅರಬಿಯಲ್ಲಿ ಎರಡು ವಾಕ್ಯ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. ಕೂಗಾಡಲಿಲ್ಲ.

"ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನು ಕೇಳಿದರು, ನಾನು ನೋಡದೆ ಇಳಿದೆನಾ, ನನಗೆ ಅಷ್ಟು ವಯಸ್ಸಾಯಿತಾ ಎಂದು. ಒಂದೂವರೆ ತಿಂಗಳಿನಿಂದ ತನ್ನದೇ ತಪ್ಪು ಎಂದುಕೊಂಡಿದ್ದಾರೆ. ನೀವು ಎಷ್ಟು ಸಲ ಇಲ್ಲಿ ಬಂದು ಕೂತಿರಿ?"

ಖಮೀಸ್ ತಲೆಯ ಕುಮ್ಮ ತೆಗೆದು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿದರು. ಬಾದುಶಾ ಕಾಗದವನ್ನು ಮಡಿಸಿ ಚೀಲದೊಳಗೆ ಹಾಕಿದ. ಇನ್ನು ಬರಬೇಡಿ ಎಂದಳು ಝೊಹರಾ.

ಫೆಬ್ರವರಿ 23, ಭಾನುವಾರ

ಠಾಣೆಗೆ ಹೋಗಿ ಹೇಳಿಕೆ ಬದಲಿಸಿದೆ. ಮರ್ಯಾದೆಯ ಅದೇ ಹುಡುಗಿ. ಬರೆದುಕೊಂಡಳು. ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳಿದಳು, ಇಲ್ಲ ಎಂದೆ. ವಿಚಾರಣೆ ಮಾರ್ಚ್ ಕೊನೆಗಂತೆ. ಪ್ರೇರಣಾ ನನ್ನೊಂದಿಗೆ ಮಾತಾಡುತ್ತಿಲ್ಲ, ಆದರೆ ಡಬ್ಬಿ ಕಟ್ಟಿಕೊಟ್ಟಿದ್ದಳು.

ಮಾರ್ಚ್ 9, ಭಾನುವಾರ

ರಮದಾನ್. ಆಫೀಸು ಎರಡು ಗಂಟೆಗೇ ಮುಗಿಯುತ್ತದೆ, ಹೋಗಲು ಎಲ್ಲಿಗೂ ಇಲ್ಲ. ಸಮುದ್ರದ ದಂಡೆಯಲ್ಲಿ ನಡೆದೆ. ನಡೆದು ನಡೆದು ಬೇಲಿ ಬರುತ್ತದೆ, ಅಲ್ಲಿಂದ ವಾಪಸು.

ಅಮ್ಮನ ಹೊಸ ನುಡಿಯ ವಿಷಯವನ್ನು ಹೋದ ತಿಂಗಳೇ ತೃಪ್ತಿಗೆ ಹೇಳಿದ್ದೆ. ಅವಳು ಅಮ್ಮನಿಂದ ಮತ್ತೆ ಹಾಡಿಸಲು ನೋಡಿದಳಂತೆ. ಎಷ್ಟು ಕೇಳಿದರೂ ಅಮ್ಮನಿಗೆ ಈಗ ಹಾಡೇ ನೆನಪಿಲ್ಲ, ಹಳೆಯ ನುಡಿಗಳೂ ಇಲ್ಲ. ಹಾಗಾಗಿ ಆ ಕೊನೆಯ ನುಡಿ ಇರುವುದು ನನ್ನ ತಲೆಯಲ್ಲಿ ಮಾತ್ರ. ಈ ಪುಸ್ತಕದ ಕೊನೆಯ ಹಾಳೆಯಲ್ಲಿ ತುಳುವಿನಲ್ಲೇ ಬರೆದಿಟ್ಟೆ. ಎರಡು ಕಡೆ ಪದ ಬಿಟ್ಟುಹೋಗಿದೆ. ಸುಮ್ಮನೆ ಜೋಡಿಸಲು ಹೋಗಲಿಲ್ಲ.

ನಿನ್ನೆ ತೃಪ್ತಿ ತಾನಾಗಿಯೇ ಕೊಪ್ಪಕ್ಕೆ ಹೋಗಿದ್ದಳಂತೆ. ನಮ್ಮ ಮನೆಯಿಂದ ಎರಡು ಕಿಲೋಮೀಟರು. ಅವಳಿಗೆ ನಲವತ್ತು ವರ್ಷ, ಇದೇ ಮೊದಲ ಸಲ. ಬೊಗ್ಗು ಅಜ್ಜಿ ಎಂಬವರು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ತೃಪ್ತಿ ನಿಂತುಕೊಂಡೇ ಹೇಳಿದಳಂತೆ, ಕೂರಲು ಧೈರ್ಯವಾಗಲಿಲ್ಲವಂತೆ. ನಮ್ಮ ಮನೆಯ ಹಾಡಿನಲ್ಲಿ ಹೀಗೊಂದು ಇದೆ, ನಿಮ್ಮವರನ್ನು ಹಡಗಿಗೆ ಕೊಟ್ಟದ್ದು ನಮ್ಮ ಹಿರಿಯನೇ ಅಂತ ಉಂಟು, ಎಂದು. ಮಸ್ಕತ್ತಿನಲ್ಲಿ ಖಮೀಸ್ ನನಗೆ ಹೇಳಿದ ನೀರಿನ ಕೂಗಿನ ವಿಷಯವನ್ನೂ ಹೇಳಿದಳಂತೆ. ಅಜ್ಜಿ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ನಮಗೆ ಗೊತ್ತುಂಟು. ನೀವು ಯಾರೂ ಕೇಳ್ಲಿಲ್ಲ, ನಾವು ಹೇಳ್ಲಿಲ್ಲ."

ಅವರಲ್ಲೂ ಒಂದು ಹಾಡಿದೆಯಂತೆ, ಡೋಲಿನ ಜೊತೆ ಹೇಳುವಂಥದ್ದು, ತಮ್ಮವರು ಮಾತ್ರ ಇರುವಾಗ. ತೃಪ್ತಿ ಫೋನು ತೆಗೆದು, ಹಾಡುತ್ತೀರಾ ಎಂದು ಕೇಳಿದಳು. ಇಲ್ಲ, ಹಾಡು ಕೊಡುವುದಿಲ್ಲ ಎಂದರಂತೆ. ಅದು ನಿಮ್ಮ ಮನೆಗೆ ಬಂದರೆ ಅದೂ ನಿಮ್ಮ ಹಾಡಾಗಿ ಹೋಗುತ್ತದೆ ಎಂದರಂತೆ. ಆಮೇಲೆ ಬುಟ್ಟಿಯ ಇನ್ನೊಂದು ಸುತ್ತು ಹೆಣೆದು, ನಿನ್ನ ಅಣ್ಣ ಇರುವುದು ಆ ಹಡಗು ನಿಂತ ದಡದಲ್ಲಾ ಎಂದು ಕೇಳಿದರು. ಇರಬಹುದು ಎಂದಳು ತೃಪ್ತಿ. ಹಾಗಾದರೆ ಹೆಸರು ಹೇಳುತ್ತೇನೆ, ಬರೆದುಕೋ ಎಂದರು. ಏಳು ಹೆಸರು. ಈ ಕಡೆ ನಾವು ವರ್ಷಕ್ಕೊಮ್ಮೆ ಹೇಳುತ್ತೇವೆ, ಆ ಕಡೆ ಯಾರೂ ಹೇಳಿಲ್ಲ, ನಿನ್ನ ಅಣ್ಣ ಒಂದು ಸಲ ಹೇಳಲಿ ಎಂದರಂತೆ.

ತೃಪ್ತಿಯ ಅಕ್ಷರ ದುಂಡಗೆ. ಚೀಟಿಯ ಫೋಟೋ ಕಳಿಸಿದ್ದಾಳೆ. ಖಮೀಸರ ಮನೆಗೆ ಹೋಗುವ ಹಾಗಿಲ್ಲ. ದಂಡೆಯಲ್ಲಿ ಒಬ್ಬನೇ ನಿಂತು ಹೇಳಿಬಿಡಲೇ ಎಂದುಕೊಂಡೆ. ಸರಿ ಎನಿಸಲಿಲ್ಲ. ಕೇಳುವವರು ಯಾರಾದರೂ ಬೇಕು.

ಮಾರ್ಚ್ 27, ಗುರುವಾರ

ತೀರ್ಪು. ಹದಿನೈದು ದಿನದ ಸೆರೆ, ಒಂದು ವರ್ಷ ಲೈಸೆನ್ಸ್ ಇಲ್ಲ. ಹಬ್ಬ ಮುಗಿದ ಮೇಲೆ ಹಾಜರಾಗಬೇಕು. ಕಂಪನಿ ಕೆಲಸದಿಂದ ತೆಗೆದಿಲ್ಲ, ಸೈಟು ಸುತ್ತುವ ಕೆಲಸ ಬಿಡಿಸಿ ಗೋದಾಮಿಗೆ ಹಾಕಿದ್ದಾರೆ. ಕೋರ್ಟಿನ ಹೊರಗೆ ಪ್ರೇರಣಾ ನಿಂತಿದ್ದಳು. ಬರುತ್ತಾಳೆಂದು ಹೇಳಿರಲಿಲ್ಲ. ಟ್ಯಾಕ್ಸಿಯಲ್ಲಿ ಅರ್ಧ ದಾರಿ ಕಳೆದ ಮೇಲೆ, ಅಲ್ಲಿ ಸ್ವೆಟರ್ ಕೊಡೋಕೆ ಬಿಡ್ತಾರಾ, ಏಸಿ ಜಾಸ್ತಿ ಇರುತ್ತಂತೆ ಎಂದು ಕೇಳಿದಳು.

ಏಪ್ರಿಲ್ 22, ಮಂಗಳವಾರ

ಬಿಡುಗಡೆಯಾಗಿ ಐದು ದಿನವಾಯಿತು. ಒಳಗಿನ ದಿನಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ನಾವು ಹನ್ನೊಂದು ಜನ, ಒಂದು ಕಿಟಕಿ, ಅದೂ ಎತ್ತರದಲ್ಲಿ. ಪಕ್ಕದ ಬಾಂಗ್ಲಾದವನು ದಿನವಿಡೀ ತನ್ನ ಊರಿನ ಹೊಳೆಯ ಹೆಸರು ಹೇಳುತ್ತಿದ್ದ. ಬೇಸರವಾಗಿ ಒಂದು ದಿನ ಬೈದೆ, ಮರುದಿನ ಅವನು ಸುಮ್ಮನಿದ್ದ. ಆಮೇಲೆ ನಾನೇ ಕೇಳಿದೆ, ಹೇಳು ಮಾರಾಯ ಎಂದು.

ಪ್ರಯಾಣದ ನಿಷೇಧ ತೆರವಾಗಿದೆ. ಭಾನುವಾರ ಮಂಗಳೂರಿಗೆ. ಅಮ್ಮನಿಗೆ ಈಗ ಯಾರ ಗುರುತೂ ಇಲ್ಲ ಎಂದು ತೃಪ್ತಿ ಮೊದಲೇ ಹೇಳಿದ್ದಾಳೆ, ನಾನು ಎದೆ ಗಟ್ಟಿ ಮಾಡಿಕೊಳ್ಳಲಿ ಎಂದು. ಮುಖ ತೊಳೆಸಿದರೆ ನಗುತ್ತಾಳಂತೆ.

ಇವತ್ತು ಆಫೀಸ್ ಹೊತ್ತಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. ಖಮೀಸ್. ಹೊರಗೆ ಬಂದೆಯಾ ಎಂದು ಕೇಳಿದರು. ಬಂದೆ ಎಂದೆ. ಶುಕ್ರವಾರ ಬಾ ಎಂದು ಇಟ್ಟುಬಿಟ್ಟರು.

ಏಪ್ರಿಲ್ 25, ಶುಕ್ರವಾರ

ಝೊಹರಾ ಬಾಗಿಲು ತೆಗೆದಳು. ನಗಲಿಲ್ಲ, ತಡೆಯಲೂ ಇಲ್ಲ.

ಖಮೀಸ್ ಬಾಬಾ ಮಂಚದಲ್ಲಿರಲಿಲ್ಲ. ಊರುಗೋಲು ಹಿಡಿದು ಹೊರಗಿನ ಜಗಲಿಯ ತನಕ ಬಂದು ಕೂತಿದ್ದರು. ನಡೆದದ್ದು ಎಂಟು ಹೆಜ್ಜೆಯಂತೆ, ಅದಕ್ಕೆ ಬೆಳಿಗ್ಗೆಯಿಂದ ತಯಾರಿ. ಎಡಗಾಲು ಇನ್ನು ಮೊದಲಿನ ಹಾಗೆ ಆಗುವುದಿಲ್ಲ ಎಂದಿದ್ದಾರೆ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದರು.

"ನನಗೆ ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಕೂತುಕೋ."

ಕೂತೆ. ಆ ಕೊಪ್ಪದ ಅಜ್ಜಿಯ ವಿಷಯ ಹೇಳಿದೆ. ಹಾಡು ಕೊಡಲಿಲ್ಲ ಎಂದಾಗ ತಲೆ ಆಡಿಸಿದರು, ಸರಿಯಾಗಿ ಮಾಡಿದರು ಎಂಬಂತೆ. ಹೆಸರು ಹೇಳಲು ಕೇಳಿದ್ದಾರೆ, ನೀವು ಕೇಳಿಸಿಕೊಳ್ಳುತ್ತೀರಾ ಎಂದೆ. ಬಾಬಾ ಮಗಳನ್ನು ಕರೆದರು. ಕಡಲು ಕಾಣುವ ಹಾಗೆ ತನ್ನ ಕುರ್ಚಿಯನ್ನು ಬೀದಿಯ ಕೊನೆಯ ಕಡೆ ತಿರುಗಿಸಲು ಹೇಳಿದರು. ನಾನು ಒಂದು ಕಡೆ, ಅವಳು ಒಂದು ಕಡೆ ಹಿಡಿದೆವು.

ಫೋನು ನೋಡದೆ ಹೇಳಿದೆ. ಸೆರೆಯಲ್ಲಿ ಬಾಯಿಪಾಠವಾಗಿತ್ತು. ಐತ. ಅಂಗಾರ. ಬೂದ. ತನಿಯ. ಗುರುವ. ಐತೆ. ತುಕ್ರು. ತುಕ್ರು ಬಸುರಿ ಎಂದು ಅಜ್ಜಿ ಹೇಳಿದ್ದರು, ಅದನ್ನೂ ಹೇಳಿದೆ.

ಒಂದೊಂದನ್ನೂ ಬಾಬಾ ನಿಧಾನವಾಗಿ ಮರಳಿ ಹೇಳಿದರು. ಐದನೆಯದರಲ್ಲಿ ನಾಲಿಗೆ ತೊಡರಿತು. ಅದರ ಅರ್ಥವೇನು ಎಂದು ಕೇಳಿದರು. ಆ ಜನ ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುತ್ತಿದ್ದರು ಎಂದೆ. ಐತ ಎಂದರೆ ಭಾನುವಾರದವನು, ಅಂಗಾರ ಮಂಗಳವಾರದವನು. ಗುರುವ ಎಂದರೆ ಗುರುವಾರ ಹುಟ್ಟಿದವನು.

ಬಾಬಾ ನನ್ನನ್ನೇ ನೋಡಿದರು. ಆಮೇಲೆ ಕಡಲ ಕಡೆ ನೋಡಿದರು.

"ಗುರುವಾರಕ್ಕೆ ನಮ್ಮಲ್ಲಿ ಖಮೀಸ್ ಅನ್ನುತ್ತಾರೆ," ಎಂದರು.

ಆ ಹೆಸರನ್ನು ಇನ್ನೊಮ್ಮೆ ಹೇಳಲು ಹೇಳಿದರು. ಹೇಳಿದೆ. ಈ ಸಲ ಅವರ ನಾಲಿಗೆ ತೊಡರಲಿಲ್ಲ.